ಕಾಲ್ನಡಿಗೆಯವಳ ಎತ್ತರ

2003ರ ಜೂನ್ 14, ಶನಿವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಮನೆಯೊಡತಿ ದೋನ್ಯಾ ಪ್ರಾಕ್ಸೆದೆಸ್ ಹಿತ್ತಿಲ ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಬೀಗ ತಿರುಗಿಸಿದರು.

"ಐದಕ್ಕೆ ಬರ್ತೀನಿ ಮೇಡಮ್ಮ. ನೀರು ಕುಡಿದಿದ್ದೀಯ ತಾನೆ? ಆಮೇಲೆ ಗಂಟಲು ಒಣಗ್ತು ಅಂತ ಬಾಗಿಲು ಬಡೀಬೇಡ."

"ಕುಡಿದಿದ್ದೀನಿ, ದೋನ್ಯಾ."

"ಬೇರೆ ಕೆಲಸಾನೂ ಮುಗಿಸಿದ್ದೀಯ?"

"ಅದೂ ಆಗಿದೆ."

ಚಪ್ಪಲಿಯ ಸದ್ದು ಅಂಗಳದ ಕಲ್ಲುಗಳ ಮೇಲೆ ಎಳೆದುಕೊಂಡು ದೂರವಾಯಿತು. ಒಳಗೆ ನೆಲಿದಾ ಸೆಗಾರ್ರಾ ಕುರ್ಚಿ ಎಳೆದುಕೊಂಡು, ಮೇಜಿನ ಮೇಲಿದ್ದ ಬೈಂಡು ಮಾಡಿದ ಸಂಪುಟವನ್ನು ತೆರೆದಳು.

ಊಟವಾಗಿ ಮಲಗುವ ಮುನ್ನ ಹಿತ್ತಿಲ ಕೋಣೆಗೆ ಬೀಗ ಹಾಕುವುದು ಆ ಮನೆಯ ಪದ್ಧತಿ. ಒಳಗೆ ಯಾರಿದ್ದಾರೆ, ಇಲ್ಲ ಎಂಬುದು ಲೆಕ್ಕಕ್ಕಿಲ್ಲ. ಮೂರು ವರ್ಷದ ಹಿಂದೆ ಮೊದಲ ಸಲ ಬೀಗ ಬಿದ್ದಾಗ ನೆಲಿದಾ ತಮಾಷೆ ಎಂದುಕೊಂಡಿದ್ದಳು. ಕೇಳಿದಾಗ ದೋನ್ಯಾ ಹೇಳಿದ್ದು ಇಷ್ಟು: "ನಮ್ಮಮ್ಮ ಹಾಕ್ತಿದ್ರು. ಹಾಕದೆ ಮಲಗಿದ್ರೆ ನನಗೆ ಕಣ್ಣು ಹತ್ತಲ್ಲ." ಎಂಬತ್ತೊಂಬತ್ತು ವರ್ಷದ ಮುದುಕಿಯ ನಿದ್ದೆ ಕೆಡಿಸುವುದಕ್ಕಿಂತ ಎರಡು ಗಂಟೆ ಬೀಗದೊಳಗೆ ಕೂತಿರುವುದು ಸುಲಭ. ಅಲ್ಲದೆ, ಬೇಕಾದದ್ದು ಇದ್ದದ್ದು ಈ ಕೋಣೆಯಲ್ಲಿ ಮಾತ್ರ. 'ಎಲ್ ಫಾರೊಲ್' ಎಂಬ ವಾರಪತ್ರಿಕೆಯ 1919ರಿಂದ 1923ರವರೆಗಿನ ಪೂರ್ತಿ ಸಂಚಿಕೆಗಳು ಪೆರು ದೇಶದ ಈ ಅರೆಕಿಪಾ ಊರಿನ ಯಾವ ಗ್ರಂಥಾಲಯದಲ್ಲೂ ಇರಲಿಲ್ಲ. ದೋನ್ಯಾ ಅವನ್ನು ಹೊರಗೆ ಕಳಿಸುತ್ತಿರಲಿಲ್ಲ, ಯಂತ್ರದಲ್ಲಿ ನಕಲು ತೆಗೆಯಲೂ ಬಿಡುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಎಷ್ಟು ಬರೆದುಕೊಂಡರೆ ಅಷ್ಟು.

ನೆಲಿದಾಳಿಗೆ ನಲವತ್ತೇಳು ವರ್ಷ. ಕನ್ಯಾಸ್ತ್ರೀಯರ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಸಂಜೆಯ ತರಗತಿಗಳಲ್ಲಿ ಸಾಹಿತ್ಯ ಓದಿ, ಈಗ ಸಂಶೋಧನಾ ಪ್ರಬಂಧದ ಕೊನೆಯ ಹಂತದಲ್ಲಿದ್ದಳು. ವಿಶ್ವವಿದ್ಯಾಲಯದಲ್ಲಿ ಹೆಂಗಸರ ಬರಹಗಳನ್ನು ಕಲಿಸಲು ಒಂದು ಹುದ್ದೆ ತೆರೆದಿತ್ತು. ಜೂನ್ ಮೂವತ್ತರೊಳಗೆ ಪ್ರಬಂಧ ಒಪ್ಪಿಸಿದರೆ ಅರ್ಜಿ ಹಾಕಬಹುದು. ತಪ್ಪಿದರೆ ನಿವೃತ್ತಿಯವರೆಗೆ ಅದೇ ಪ್ರಯೋಗಾಲಯ, ಅದೇ ಒಡೆದ ಬ್ಯೂರೆಟ್ಟುಗಳು, ಅದೇ ಮುಖ್ಯೋಪಾಧ್ಯಾಯಿನಿ ಸಿಸ್ಟರಮ್ಮನ ಗಂಟಲು ಕೆರೆಯುವ ಕೆಮ್ಮು. ಅವಧಿಯನ್ನು ಆಗಲೇ ಎರಡು ಸಲ ಮುಂದೂಡಿಸಿಕೊಂಡಾಗಿತ್ತು. ಮೂರನೆಯದು ಇಲ್ಲ ಎಂದು ಕಚೇರಿಯವರು ಹೇಳಿಬಿಟ್ಟಿದ್ದರು.

ಪ್ರಬಂಧದ ವಸ್ತು ಲಿಯೊಕಾಡಿಯಾ ಮೊಸ್ಕೋಸೊ. ಈಗ ಆ ಹೆಸರು ಹೇಳಿದರೆ ಊರಿನಲ್ಲಿ ಯಾರೂ ತಲೆ ಎತ್ತುವುದಿಲ್ಲ. ಆದರೆ ಆ ನಾಲ್ಕು ವರ್ಷ 'ಎಲ್ ಫಾರೊಲ್'ನ ಮೂರನೆಯ ಪುಟದಲ್ಲಿ 'ಕಾಲ್ನಡಿಗೆಯವಳು' ಎಂಬ ಹೆಸರಿನಲ್ಲಿ ವಾರವಾರವೂ ಅವಳ ಅಂಕಣ ಬರುತ್ತಿತ್ತು. ಒಬ್ಬ ಹೆಂಗಸು ಜೊತೆಗೆ ಗಂಡಸಿಲ್ಲದೆ, ಕೆಲಸದವಳಿಲ್ಲದೆ, ಸುಮ್ಮನೆ ಊರು ಸುತ್ತುತ್ತಾಳೆ. ಮಾರುಕಟ್ಟೆ, ಸೇತುವೆ, ಹೇಸರಗತ್ತೆಗಳ ನಿಲ್ದಾಣ, ಚಿಚ್ಚಾ ಎಂಬ ಜೋಳದ ಹೆಂಡ ಮಾರುವ ಅಡ್ಡೆ. ಸುತ್ತುತ್ತ, ಕಂಡದ್ದನ್ನು ಬರೆಯುತ್ತ, ನಡುನಡುವೆ ಸೂಜಿ ಚುಚ್ಚಿದಂತೆ ಒಂದು ಸಾಲು. 'ಬೀದಿಗೆ ಬಾಗಿಲಿಲ್ಲ, ಅದಕ್ಕೇ ಹೆಂಗಸರನ್ನು ಅದರಿಂದ ದೂರ ಇಟ್ಟಿದ್ದಾರೆ.' 'ಗಂಡನ ಸಹಿ ಇಲ್ಲದೆ ನಾನು ಹಸುವನ್ನು ಮಾರುವಂತಿಲ್ಲ. ಹಸುವಿಗೂ ನನಗೂ ಆ ವಿಷಯದಲ್ಲಿ ಜಗಳವಿಲ್ಲ.' 1923ರ ಮಾರ್ಚಿನಲ್ಲಿ ಅಂಕಣ ನಿಂತುಹೋಯಿತು. ಆಮೇಲೆ ಎಲ್ಲೂ ಅವಳ ಒಂದು ಸಾಲೂ ಇಲ್ಲ.

ಲಿಯೊಕಾಡಿಯಾ ಆ ವರ್ಷಗಳಲ್ಲಿ ದೋನ್ಯಾ ಪ್ರಾಕ್ಸೆದೆಸರ ತಂದೆಯ ಮನೆಯಲ್ಲಿದ್ದಳು ಎಂಬುದು ನೆಲಿದಾಳಿಗೆ ತಿಳಿದಿತ್ತು. ತಂದೆ ನೋಟರಿ, ಊರಿನ ಮರ್ಯಾದಸ್ಥ. ಉದಾರ ಮನಸ್ಸಿನ ಕುಟುಂಬವೊಂದು ಲೇಖಕಿಗೆ ಆಸರೆ ಕೊಟ್ಟಿತ್ತು ಎಂದು ನೆಲಿದಾ ಮೊದಲ ಅಧ್ಯಾಯದಲ್ಲಿ ಬರೆದಿದ್ದಳು. ಎರಡನೆಯ ಅಧ್ಯಾಯ ಅವಳ ಹೆಮ್ಮೆ. ಅಂಕಣದಲ್ಲಿ ಬಂದ ಒಂದೊಂದು ಜಾಗವನ್ನೂ ಹಳೆಯ ನಕ್ಷೆಯ ಮೇಲೆ ಗುರುತಿಸಿ, ಅರೆಕಿಪಾವನ್ನು ಒಬ್ಬಳೇ ನಡೆದ ಮೊದಲ ಹೆಂಗಸಿನ ದಾರಿಗಳನ್ನು ಗೆರೆ ಎಳೆದು ತೋರಿಸಿದ್ದಳು. ಇನ್ನೊಂದು ಮಾತನ್ನೂ ಹೇಳಿದ್ದಳು: ಕಾಲ್ನಡಿಗೆಯವಳು ಲೋಕವನ್ನು ಕೆಳಗಿನಿಂದ ನೋಡುತ್ತಾಳೆ. ಕುದುರೆ ಏರಿದವನ ಮುಖವಲ್ಲ, ಅವನ ಬೂಟು. ಅಂಗಡಿಯ ತಕ್ಕಡಿಯಲ್ಲ, ಮೇಜಿನಡಿಯ ಕೊಳೆತ ಹಣ್ಣು. ಇದು ಅವಳು ಬೇಕೆಂದೇ ಆರಿಸಿಕೊಂಡ, ತುಳಿತಕ್ಕೊಳಗಾದವರ ನೋಟ. ಪ್ರಬಂಧದ ಮಾರ್ಗದರ್ಶಕ ಡಾಕ್ಟರ್ ಚಿರಿನೋಸ್ ಈ ಭಾಗವನ್ನು ಓದಿ ಅಂಚಿನಲ್ಲಿ ಎರಡು ಗೆರೆ ಎಳೆದು 'ಅದ್ಭುತ' ಎಂದು ಬರೆದಿದ್ದರು.

ಈವತ್ತು ಉಳಿದದ್ದು ಪರಿಶೀಲನೆಯ ಕೆಲಸ ಮಾತ್ರ. ಉದ್ಧರಣೆಗಳನ್ನು ಮೂಲದೊಂದಿಗೆ ಒಂದೊಂದಾಗಿ ಹೋಲಿಸಿ ನೋಡಬೇಕು. ಹಾಗೆ ನೋಡುತ್ತ ನೋಡುತ್ತ, ಮೂರು ವರ್ಷ ಬಿಡಿಬಿಡಿಯಾಗಿ ಓದಿದ್ದು ಮೊದಲ ಬಾರಿಗೆ ಸಾಲಾಗಿ ಕಣ್ಣಿಗೆ ಬಿತ್ತು. ಹೇಸರಗತ್ತೆಯ ಹೊಟ್ಟೆಗೆ ಬಿಗಿದ ಪಟ್ಟಿಯ ಬಕಲ್ಲು. ಮೀನಿನವಳ ಲಂಗದ ಅಂಚಿಗೆ ಅಂಟಿದ ಹುರುಪೆ. ಪಾದ್ರಿಯ ನಿಲುವಂಗಿಯ ಕೊನೆಯ ಗುಂಡಿ ಬೇರೆ ಬಣ್ಣದ್ದು. ಬ್ಯಾಂಕಿನ ಬಾಗಿಲಿನ ಹಿತ್ತಾಳೆಯಲ್ಲಿ 'ನನ್ನ ಮುಖ ಅಗಲವಾಗಿ' ಕಂಡದ್ದು. ಆ ಹಿತ್ತಾಳೆಯ ತಗಡನ್ನು ನೆಲಿದಾ ಖುದ್ದಾಗಿ ಹೋಗಿ ನೋಡಿದ್ದಳು, ಇನ್ನೂ ಅಲ್ಲೇ ಇದೆ. ಕಾಲಿನ ಒದೆತ ತಡೆಯಲು ಬಾಗಿಲಿನ ಬುಡಕ್ಕೆ ಹೊಡೆದದ್ದು. ಅದರಲ್ಲಿ ಮುಖ ಕಾಣಬೇಕಾದರೆ ದೊಡ್ಡವರು ಮಂಡಿಯೂರಿ ಕೂರಬೇಕು.

ಅವಳು ಕಾಗದದ ಮೇಲೆ ಪಟ್ಟಿ ಮಾಡಿದಳು. ತರಗತಿಯಲ್ಲಿ ಹುಡುಗಿಯರಿಗೆ ಹೇಳಿಕೊಡುವಂತೆ, ಅರ್ಥ ಮಾಡಲು ಹೋಗದೆ, ಸುಮ್ಮನೆ ವಸ್ತು ಮತ್ತು ಅದರ ಎತ್ತರ. ಪುಟ ತುಂಬಿತು. ಒಂದು ಮೀಟರಿಗಿಂತ ಮೇಲಿನದ್ದನ್ನು ಆ ಹೆಂಗಸು ನೋಡಿಯೇ ಇರಲಿಲ್ಲ. ಆಯ್ಕೆ ಎಂದರೆ ಹೀಗಿರುವುದಿಲ್ಲ. ಆಯ್ಕೆ ಮಾಡಿಕೊಂಡವರು ಅಲ್ಲೊಮ್ಮೆ ಇಲ್ಲೊಮ್ಮೆ ಮರೆಯುತ್ತಾರೆ. ಇದು ಉಪಕರಣದ ಮಿತಿ.

ನಡುಮನೆಯಲ್ಲಿ ತೂಗುಹಾಕಿದ್ದ ಫೋಟೊ ನೆನಪಾಯಿತು. ನೋಟರಿ, ಅವರ ಹೆಂಡತಿ, ನಡುವೆ ಲಿಯೊಕಾಡಿಯಾ. ನೋಟರಿಯ ಟೋಪಿಗಿಂತ ಅವಳ ತಲೆ ಮೇಲಿತ್ತು.

ಗಂಟೆ ನಾಲ್ಕೂ ಆಗಿರಲಿಲ್ಲ. ನೆಲಿದಾ ಎದ್ದು ಬಾಗಿಲು ಬಡಿದಳು. ಮತ್ತೆ ಬಡಿದಳು. ಬಹಳ ಹೊತ್ತಾದ ಮೇಲೆ ಚಪ್ಪಲಿಯ ಸದ್ದು ಬಂತು.

"ಹೇಳಿದ್ದೆ ತಾನೆ? ಕುಡಿ ಅಂದೆ, ಮುಗಿಸು ಅಂದೆ. ಕೇಳಿದ್ರೆ ತಾನೆ ಈ ಓದಿದವರು."

"ಅದಲ್ಲ ದೋನ್ಯಾ. ಒಂದು ಪ್ರಶ್ನೆ ಇದೆ. ಬಾಗಿಲು ತೆಗೀರಿ."

"ಐದಾಗಿಲ್ಲ. ಅಲ್ಲಿಂದ್ಲೇ ಕೇಳು."

"ಲಿಯೊಕಾಡಿಯಾ ಎಷ್ಟು ಎತ್ತರ ಇದ್ರು?"

"ಅಯ್ಯೋ, ಇದನ್ನ ಕೇಳೋಕೆ ನನ್ನ ಎಬ್ಬಿಸಿದೆಯಾ? ಜೋಳದ ದಂಟಿನ ಹಾಗೆ ಇದ್ಲು. ಅಪ್ಪ ಅವಳ ಹತ್ರ ಮಾತಾಡುವಾಗ ಕತ್ತು ಎತ್ತಬೇಕಿತ್ತು, ಅದಕ್ಕೇ ಅವರಿಗೆ ಅವಳನ್ನ ಕಂಡ್ರೆ ಆಗ್ತಿರಲಿಲ್ಲ."

"ಹಾಗಿದ್ರೆ ಬ್ಯಾಂಕಿನ ಬಾಗಿಲ ಬುಡದಲ್ಲಿ ಅವರ ಮುಖ ಹೇಗೆ ಕಾಣ್ತು?"

ಹೊರಗೆ ಮೂಳೆ ಲಟಕ್ಕೆಂದದ್ದು, ಬಟ್ಟೆ ಬಾಗಿಲಿಗೆ ಉಜ್ಜಿದ್ದು ಕೇಳಿಸಿತು. ಮುದುಕಿ ಬಗ್ಗುತ್ತಿದ್ದರು. ಮುಂದಿನ ಮಾತು ಬೀಗದ ಕಿಂಡಿಯಿಂದಲೇ ಬಂತು, ಕಿವಿಗೆ ಹತ್ತಿರವಾಗಿ, ಉಸಿರಿನ ಸಮೇತ.

"ಅದು ನನ್ನ ಮುಖ."

ನೆಲಿದಾ ತಾನೂ ಬಗ್ಗಿದಳು. ಕಿಂಡಿಯಲ್ಲಿ ಏನೂ ಕಾಣಲಿಲ್ಲ.

"ನಂಗೆ ಆರೋ ಏಳೋ ವರ್ಷ," ಎಂದರು ದೋನ್ಯಾ. "ಅಮ್ಮ ಬೆಳಿಗ್ಗೆ ಕೈ ಹಿಡ್ಕೊಂಡು ಹೊರಡೋರು. ನಿಂಗೆ ಕಣ್ಣು ಚುರುಕು, ನೀನು ನೋಡ್ಕೊ, ನಾನು ದಾರಿ ನೋಡ್ಕೋತೀನಿ ಅನ್ನೋರು. ಸುತ್ತಾಡ್ಕೊಂಡು ಬಂದು, ಅಪ್ಪ ಮಲಗಿದ ಮೇಲೆ, ಇಲ್ಲೇ ಈ ಕಿಂಡಿಗೆ ಬಾಯಿಟ್ಟು ನಾನು ಹೇಳೋದು. ಅವಳು ಒಳಗಿಂದ ಕೇಳೋಳು. ಗುಂಡಿ ಯಾವ ಬಣ್ಣ? ಅವನ ಬೂಟು ಹೊಸದೋ ಹಳೇದೋ? ಗೊತ್ತಿಲ್ಲ ಅಂದ್ರೆ, ನಾಳೆ ನೋಡ್ಕೊಂಡು ಬಾ ಅನ್ನೋಳು. ನಿನ್ನ ಹಾಗೇ, ಕಾಟ."

"ಅವರು ಯಾಕೆ ಹೊರಗೆ ಬರ್ತಿರಲಿಲ್ಲ?"

"ಹೇಗೆ ಬರ್ತಾಳೆ? ಅವಳನ್ನ ಠೇವಣಿ ಇಟ್ಟಿದ್ರಲ್ಲ."

"ಠೇವಣಿ ಅಂದ್ರೆ?"

"ಮೂರು ವರ್ಷ ಓದಿದೀಯ, ಇದು ಗೊತ್ತಿಲ್ವಾ? ಗಂಡನ್ನ ಬಿಡ್ತೀನಿ ಅಂತ ಹೆಂಡತಿ ಕೋರ್ಟಿಗೆ ಹೋದ್ರೆ, ತೀರ್ಪು ಬರೋ ತನಕ ಅವಳನ್ನ ಮರ್ಯಾದಸ್ಥರ ಮನೇಲಿ ಠೇವಣಿ ಇಡೋರು. ಊರಲ್ಲಿ ಎಲ್ರಿಗೂ ಗೊತ್ತಿದ್ದ ಪದ್ಧತಿ. ಒಬ್ಬಳೇ ಹೊರಗೆ ಕಾಲಿಟ್ಟಳು ಅಂತ ಗಂಡನ ವಕೀಲ ತೋರಿಸಿದ್ರೆ ಮುಗೀತು, ಕೇಸು ಬಿದ್ದ ಹಾಗೇ. ಅಪ್ಪ ಜವಾಬ್ದಾರಿ ತಗೊಂಡಿದ್ರು. ತಮ್ಮ ಮೇಲೆ ಮಾತು ಬರಬಾರದು ಅಂತ ಬೀಗ."

"ನಾಲ್ಕು ವರ್ಷಾನಾ?"

"ಕೇಸು ಅಷ್ಟು ನಡೀತು. ಆಮೇಲೆ ಗಂಡ ಗೆದ್ದ. ಗಾಡಿ ತಂದು ಕರ್ಕೊಂಡು ಹೋದ, ಕಣಿವೆ ಕಡೆ ಅವನ ತೋಟ ಇತ್ತು. ಆಮೇಲೆ ಗೊತ್ತಿಲ್ಲ."

ಅಂಕಣ ನಿಂತ ಕಾರಣವನ್ನು ನೆಲಿದಾ ಐದನೆಯ ಅಧ್ಯಾಯದಲ್ಲಿ ಊಹಿಸಿದ್ದಳು: ಲೇಖಕಿ ಗಡಿ ದಾಟಿ, ಬೇರೆ ಊರುಗಳನ್ನು ನಡೆಯಲು ಹೊರಟಿರಬೇಕು.

"ದೋನ್ಯಾ, ಬಾಗಿಲು ತೆಗೀರಿ."

"ಐದಾಗಲಿ."

"ಉಸಿರು ಕಟ್ಟಿದ ಹಾಗಾಗ್ತಿದೆ. ದಯವಿಟ್ಟು ತೆಗೀರಿ."

"ಅವಳೂ ಮೊದಮೊದಲು ಹಾಗೇ ಅಂತಿದ್ಲು," ಎಂದರು ದೋನ್ಯಾ. ಆ ದನಿಯಲ್ಲಿ ಕೇಡಿರಲಿಲ್ಲ. ಹವೆಯ ಬಗ್ಗೆ ಹೇಳುವಂತೆ ಹೇಳಿದರು. ಚಪ್ಪಲಿಯ ಸದ್ದು ದೂರವಾಯಿತು.

ಕಿಟಕಿ ತಲೆಗಿಂತ ಎತ್ತರದಲ್ಲಿತ್ತು. ನೆಲಿದಾ ಕುರ್ಚಿಯ ಮೇಲೆ ಹತ್ತಿ ನೋಡಿದಳು. ಬಿಳಿ ಸಿಲ್ಯಾರ್ ಕಲ್ಲಿನ ಪಕ್ಕದ ಮನೆಯ ಗೋಡೆ, ಅದರಾಚೆ ಮಿಸ್ತಿ ಬೆಟ್ಟದ ಒಂದು ಹೆಗಲು. ಅಷ್ಟೇ. ಕೆಳಗಿಳಿದು ಕೂತಳು. ಕಂಬಿಯೊಳಗಿನ ಮೃಗದಂತೆ ಅತ್ತಿಂದಿತ್ತ ಓಡಾಡಬೇಕೆನಿಸಿತು, ಓಡಾಡಲು ಜಾಗವಿರಲಿಲ್ಲ. ಮೇಜಿನ ಮೇಲೆ ಅವಳ ನಕ್ಷೆ ಬಿಚ್ಚಿಕೊಂಡಿತ್ತು, ಕೆಂಪು ಶಾಯಿಯ ಗೆರೆಗಳು ಊರೆಲ್ಲ ಹರಡಿದ್ದವು.

ಐದಕ್ಕೆ ಬಾಗಿಲು ತೆರೆಯಿತು. ದೋನ್ಯಾ ಅಡುಗೆಮನೆಯಲ್ಲಿ ಬಿಸಿ ಚಾಕೊಲೇಟು, ಮೂರು ಮೂಲೆಯ ಬ್ರೆಡ್ಡು ಇಟ್ಟಿದ್ದರು. ನೆಲಿದಾ ಮುಟ್ಟಲಿಲ್ಲ.

"ತಿನ್ನು. ಮುಖ ಸುಣ್ಣ ಆಗಿದೆ."

"ಬರೆದದ್ದನ್ನ ಪತ್ರಿಕೆಗೆ ಯಾರು ಮುಟ್ಟಿಸ್ತಿದ್ರು?"

"ಅಮ್ಮ. ಏಪ್ರನ್ನಿನ ಒಳಗೆ ಇಟ್ಕೊಂಡು. ಅಪ್ಪನಿಗೆ ಸಾಯೋವರೆಗೂ ಗೊತ್ತಾಗಲಿಲ್ಲ. ಪ್ರತಿ ವಾರ ಪತ್ರಿಕೆ ತಂದು ಜೋಪಾನ ಮಾಡಿದ್ದೂ ಅಮ್ಮಾನೇ."

"ಬೀಗದ ಕೈ?"

ದೋನ್ಯಾ ಬ್ರೆಡ್ಡಿನ ಒಂದು ಮೂಲೆ ಮುರಿದು ಚಾಕೊಲೇಟಿನಲ್ಲಿ ಅದ್ದಿದರು. ಅದು ನೆನೆದು ಬಟ್ಟಲೊಳಗೆ ಬಿದ್ದರೂ ತೆಗೆಯಲಿಲ್ಲ.

"ಅದೇ ಏಪ್ರನ್ನಲ್ಲಿ."



"ಕೇಳು ಹುಡುಗಿ," ಎಂದರು ದೋನ್ಯಾ. "ನನಗೆ ಮಕ್ಕಳಿಲ್ಲ. ಆ ಸಂಪುಟಗಳನ್ನ ನಿನ್ನ ಹೆಸರಿಗೆ ಬರೆಸಿಕೊಡ್ತೀನಿ. ನೀನು ಬರೆದಿದ್ದೀಯಲ್ಲ, ಅವಳು ಊರೆಲ್ಲ ನಡೆದಳು, ನಮ್ಮ ಮನೆ ಆಸರೆ ಕೊಡ್ತು ಅಂತ. ಹಾಗೇ ಇರಲಿ. ಅಮ್ಮ ಪ್ರತಿ ದಿನ ಆ ಬಾಗಿಲ ಮುಂದೆ ಜೇಬಲ್ಲಿ ಬೀಗದ ಕೈ ಹಿಡ್ಕೊಂಡು, ತೆಗೀದೆ ನಿಂತಿದ್ದನ್ನ ನಾನು ನೋಡಿದ್ದೀನಿ. ಅದನ್ನ ಊರವರ ಬಾಯಿಗೆ ಹಾಕಬೇಡ."

"ಹಾಕಿದ್ರೆ?"

"ಮುಂದಿನ ಶನಿವಾರ ಕೊನೆ. ಆಮೇಲೆ ಈ ಬಾಗಿಲಿಗೆ ಬರಬೇಡ."

*

ಸೋಮವಾರ ಮಧ್ಯಾಹ್ನ ಡಾಕ್ಟರ್ ಚಿರಿನೋಸ್ ಅವಳನ್ನು ತಮ್ಮ ಮಾಮೂಲಿ ಪಿಕಾಂತೆರಿಯಾಕ್ಕೆ, ಊರಿನ ಖಾರದೂಟದ ಹೋಟೆಲಿಗೆ, ಕರೆದೊಯ್ದರು. ತುಂಬಿದ ರೊಕೋತೊ ಮೆಣಸಿನಕಾಯಿ ಬಂತು, ಚಿಚ್ಚಾದ ದೊಡ್ಡ ಲೋಟ ಬಂತು. ಅವಳು ಹೇಳಿದ್ದೆಲ್ಲವನ್ನೂ ಅವರು ತಿನ್ನುತ್ತ ಕೇಳಿದರು, ಕೇಳುತ್ತ ಬೆವರು ಒರೆಸಿಕೊಂಡರು.

"ಏನಮ್ಮ, ನೆವಾದ ಹಿಡಿದಿದೆಯಾ ನಿಂಗೆ?" ಎಂದರು ಕೊನೆಗೆ. ಬೆಟ್ಟದಿಂದ ಒಣಗಾಳಿ ಬೀಸಿದ ದಿನ ಊರಿನವರಿಗೆಲ್ಲ ಹಿಡಿಯುವ ಸಿಡುಕನ್ನು ಅವರು ಹಾಗೆನ್ನುವುದು. "ಹದಿನಾಲ್ಕು ದಿನ ಇದೆ. ಈಗ ಬಂದು ಅವಳು ನಡೆದೇ ಇಲ್ಲ ಅಂತೀಯಲ್ಲ."

"ನಡೆದಿಲ್ಲ, ಸರ್."

"ಸಾಕ್ಷಿ? ತೊಂಬತ್ತರ ಮುದುಕಿ, ಬೀಗದ ಕಿಂಡಿ."

ನೆಲಿದಾ ಎತ್ತರಗಳ ಪಟ್ಟಿಯನ್ನು ಮುಂದಿಟ್ಟಳು. ಅವರು ಕನ್ನಡಕ ಹಣೆಗೇರಿಸಿ ಓದಿದರು. ಒಮ್ಮೆ ನಕ್ಕರು, ಆಮೇಲೆ ನಗಲಿಲ್ಲ.

"ನಾನು ಅದ್ಭುತ ಅಂತ ಬರೆದಿದ್ದೆ ಇದಕ್ಕೆ."

"ನಾನೂ ಹಾಗೇ ಅಂದ್ಕೊಂಡಿದ್ದೆ."

"ನೋಡು ನೆಲಿದಾ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ಸಮಿತಿಯಲ್ಲಿ ಕೂರೋ ಮೂವರಿಗೂ ಆ ನಕ್ಷೆ ಇಷ್ಟ ಆಗಿದೆ. ಊರು ನಡೆದವಳು ಅಂದ್ರೆ ಎಲ್ರೂ ಕೇಳ್ತಾರೆ. ಒಂದು ಕೋಣೇಲಿ ಕೂತಿದ್ದವಳನ್ನ ಇಟ್ಕೊಂಡು ಏನು ಮಾಡ್ತೀಯ? ಈಗ ಇದ್ದದ್ದನ್ನ ಒಪ್ಪಿಸು. ಹುದ್ದೆ ಸಿಗಲಿ. ಆಮೇಲೆ ನಿಧಾನವಾಗಿ ಒಂದು ತಿದ್ದುಪಡಿ ಲೇಖನ ಬರಿ. ಯಾರು ಬೇಡ ಅಂತಾರೆ?"

ಅವರು ಕೆಟ್ಟವರಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಒಪ್ಪಿಸಿದರೆ ಹುದ್ದೆ, ಸಂಪುಟಗಳು, ಮುದುಕಿಯ ನಿದ್ದೆ ಎಲ್ಲ ಉಳಿಯುತ್ತವೆ. ನೆಲಿದಾ ಬಸ್ಸಿನಲ್ಲಿ ಮನೆಗೆ ಹೋಗುತ್ತ ಅದನ್ನೇ ಯೋಚಿಸಿದಳು. ತಿದ್ದುಪಡಿ ಬರೆದ ದಿನ ದೋನ್ಯಾ ಬದುಕಿರಬಾರದು. ಅಂದರೆ ಅವಳು ಇನ್ನು ಮುಂದೆ ಪ್ರತಿ ಶನಿವಾರ ಆ ಬೀಗದೊಳಗೆ ಕೂತು, ಚಾಕೊಲೇಟು ಕುಡಿದು, ಒಬ್ಬ ಮುದುಕಿ ಸಾಯುವುದನ್ನು ಕಾಯಬೇಕು. ಹೊರಗೆ ಹೋಗುವ ದಾರಿ ಎಂದು ಚಿರಿನೋಸ್ ತೋರಿಸಿದ್ದು ಇನ್ನೊಂದು ಕೋಣೆಯಾಗಿತ್ತು.

ಇಷ್ಟಾದರೂ ಬುಧವಾರದವರೆಗೆ ಅವಳು ತೀರ್ಮಾನಿಸಿರಲಿಲ್ಲ. ಬುಧವಾರ ಪ್ರಯೋಗಾಲಯದಲ್ಲಿ ಒಬ್ಬ ಹುಡುಗಿ ತಪ್ಪು ಅಳತೆಯನ್ನು ರಬ್ಬರಿನಿಂದ ಅಳಿಸುತ್ತಿದ್ದಳು. ಅಳಿಸಬೇಡ, ಒಂದು ಗೆರೆ ಎಳೆ, ಕೆಳಗಿನದು ಓದಲು ಬರುವ ಹಾಗಿರಲಿ, ಪಕ್ಕದಲ್ಲಿ ಸರಿಯಾದದ್ದು ಬರಿ ಎಂದು ನೆಲಿದಾ ಅಭ್ಯಾಸಬಲದಿಂದ ಹೇಳಿದಳು. ಹೇಳಿ ಎರಡು ಮೇಜು ದಾಟಿದ ಮೇಲೆ ನಿಂತುಬಿಟ್ಟಳು. ಆ ಸಂಜೆ ಎರಡನೆಯ ಅಧ್ಯಾಯದ ಮೊದಲ ಪುಟದಿಂದ ಕೊನೆಯವರೆಗೆ ಓರೆಯಾಗಿ ಒಂದೊಂದೇ ಗೆರೆ ಎಳೆದಳು. ನಕ್ಷೆಯ ಮೇಲೂ. ಮೂವತ್ತನೆಯ ತಾರೀಖಿನೊಳಗೆ ಹೊಸದಾಗಿ ಬರೆದು ಮುಗಿಸಲಾಗದು ಎಂಬುದು ಅವಳಿಗೆ ಗೊತ್ತಿತ್ತು.

*

ಶನಿವಾರ ಊಟದ ಹೊತ್ತು ಕಳೆದ ಮೇಲೆ ಹೋದಳು. ದೋನ್ಯಾ ಬಾಗಿಲಲ್ಲೇ ನಿಂತು ಕೇಳಿದರು.

"ಏನು ಮಾಡಿದೆ ಮೇಡಮ್ಮ?"

"ಎರಡನೇ ಅಧ್ಯಾಯಕ್ಕೆ ಗೆರೆ ಹೊಡೆದೆ."

"ಕೆಲಸ?"

"ಬೇರೆ ಯಾರಿಗೋ ಸಿಗುತ್ತೆ."

"ಹುಚ್ಚಿ." ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಹಾಗಾದ್ರೆ ಇವತ್ತೇ ಕೊನೆ. ಗೊತ್ತು ತಾನೆ?"

"ಗೊತ್ತು. ಓದೋಕೆ ಬಂದಿಲ್ಲ. ಆ ಕೋಣೇಲಿ ಲಿಯೊಕಾಡಿಯಾಗೆ ನಡೆಯೋಕೆ ಎಷ್ಟು ಜಾಗ ಇತ್ತು, ಆ ಅಳತೆ ಬೇಕು. ಶಾಲೆಯಿಂದ ಟೇಪು ತಂದಿದ್ದೀನಿ. ಆಚೆ ತುದಿ ಹಿಡಿಯೋಕೆ ಒಬ್ಬರು ಬೇಕು."

ಇಬ್ಬರೂ ಅಂಗಳ ದಾಟಿದರು. ಹಿತ್ತಿಲ ಕೋಣೆಯ ಬಾಗಿಲು ತೆರೆದಿತ್ತು, ಬೀಗದ ಕೈ ಅದರಲ್ಲೇ ಇತ್ತು. ಹೊಸ್ತಿಲ ಹತ್ತಿರ ಅವರು ನಿಂತರು.

"ನಾನು ಒಳಗೆ ಬರಲ್ಲ."

"ಬರಬೇಡಿ. ಅಲ್ಲೇ ನಿಂತು, ಹೊಸ್ತಿಲಿಗೆ ಒತ್ತಿ ಹಿಡೀರಿ."

"ಅಮ್ಮಾನೂ ಒಳಗೆ ಬಂದವರಲ್ಲ. ತಟ್ಟೆ ಇಲ್ಲಿಂದಲೇ ಕೊಡೋರು." ಅವರು ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ನೆಲಕ್ಕೆ ಕೂತರು. ಟೇಪಿನ ತುದಿಯನ್ನು ಎರಡು ಬೆರಳಿನಿಂದ ಕಲ್ಲಿಗೆ ಒತ್ತಿದರು. "ಇದನ್ನ ಬರೀತೀಯಾ?"

"ಮೊದಲ ಸಾಲಲ್ಲೇ."

"ಅಮ್ಮನ ಹೆಸರು?"

"ಅದನ್ನೂ. ಬೀಗದ ಕೈ ಅವರ ಹತ್ರ ಇತ್ತು ಅಂತಾನೂ ಬರೀತೀನಿ, ನಾಲ್ಕು ವರ್ಷ ಊರು ಸುತ್ತಿದ್ದು ಅವರೇ ಅಂತಾನೂ ಬರೀತೀನಿ. ನೋಡಿದ್ದು ನೀವು, ಬರೆದದ್ದು ಲಿಯೊಕಾಡಿಯಾ. ಮೂರೂ ಇರುತ್ತೆ."

ದೋನ್ಯಾ ತಲೆ ಅಲ್ಲಾಡಿಸಿದರು. ಒಪ್ಪಿದ್ದೋ ಒಪ್ಪದ್ದೋ ತಿಳಿಯುವಂತಿರಲಿಲ್ಲ. ಟೇಪನ್ನು ಮಾತ್ರ ಬಿಡಲಿಲ್ಲ.

"ಬಿಗಿಯಾಗಿ ಹಿಡಿದಿದ್ದೀರಾ?"

"ಹಿಡಿದಿದ್ದೀನಿ. ಬೇಗ ನೋಡು, ಕಾಲು ಜೋಮು ಬರುತ್ತೆ."

ನೆಲಿದಾ ಮೇಜನ್ನು ಬದಿಗೆ ಸರಿಸಿ, ಟೇಪನ್ನು ಬಿಚ್ಚುತ್ತ ಹಿಂದೆ ಹಿಂದೆ ನಡೆದಳು. ಬೆನ್ನು ಬೇಗನೆ ಗೋಡೆಗೆ ತಾಗಿತು. ಮಂಡಿಯೂರಿ, ಟೇಪನ್ನು ನೆಲಕ್ಕೆ ಸಮನಾಗಿ ಎಳೆದು, ಕಣ್ಣನ್ನು ಅಂಕಿಗೆ ನೇರವಾಗಿ ತಂದು ಓದಿದಳು. ಒಮ್ಮೆ ಸಡಿಲಿಸಿ ಮತ್ತೆ ಎಳೆದು ಓದಿದಳು. ಅದೇ ಬಂತು.

"ಎಷ್ಟು?" ಎಂದು ಮುದುಕಿ ಹೊಸ್ತಿಲಿನಿಂದ ಕೇಳಿದರು.

"ಮೂರು ಮೀಟರ್ ಹನ್ನೆರಡು ಸೆಂಟಿಮೀಟರ್."